ನಡೆಯುವವರನ್ನು ನಡೆಸುವ ಊರುಗಳು

ಭೀಮಾ ದಂಡೆಯ ಘತ್ತರಗಿ ಸೀಮೆಯಿಂದ ನಲ್ಲಮಲೆಯ ಶ್ರೀಶೈಲದವರೆಗೆ ಯುಗಾದಿಯ ಪಾದಯಾತ್ರೆ ಹೇಗೆ ಸಾಗುತ್ತದೆ? ಹಿಮಾಲಯದ ಹಾದಿಗಳು ಕಳೆದುಕೊಂಡು ಈಗ ಮತ್ತೆ ಕಟ್ಟಿಕೊಳ್ಳುತ್ತಿರುವ ಯಾವ ಸಂಪತ್ತು ನಮ್ಮಲ್ಲಿ ಇನ್ನೂ ಉಳಿದಿದೆ?

ಹೋಳಿ ಹುಣ್ಣಿಮೆ ಕಳೆಯುತ್ತಿದ್ದಂತೆ ಉತ್ತರ ಕರ್ನಾಟಕದ ರಸ್ತೆಗಳ ಅಂಚಿನಲ್ಲಿ ನಡೆಯುವವರ ಸಾಲು ಶುರುವಾಗುತ್ತದೆ. ಹಣೆ ತುಂಬ ವಿಭೂತಿ, ಬಗಲಲ್ಲಿ ಚೀಲ, ಮುಂದೆ ಒಬ್ಬರ ಹೆಗಲ ಮೇಲೆ ಶ್ರೀಶೈಲದ ಮಲ್ಲಿಕಾರ್ಜುನನ, ಜನರ ಬಾಯಲ್ಲಿ ಮಲ್ಲಯ್ಯನ, ಕಂಬಿ ಎಂಬ ಕಾವಡಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಕಲಬುರಗಿ, ರಾಯಚೂರು ಜಿಲ್ಲೆಗಳ ಹಳ್ಳಿಹಳ್ಳಿಗಳಿಂದ ಹೊರಟವರಿಗೆಲ್ಲ ಗುರಿ ಒಂದೇ. ಹದಿನೈದು ದಿನಕ್ಕೆ ಯುಗಾದಿ. ಅಷ್ಟರೊಳಗೆ ಶ್ರೀಶೈಲ ಮುಟ್ಟಬೇಕು.

ಹಿಮಾಲಯದ ತಪ್ಪಲಲ್ಲಿ ಊರಿಂದ ಊರಿಗೆ ನಡೆಯುವ ಚಾರಣಗಳ ಜಾಹೀರಾತು ಈಗ ಅಫಜಲಪುರ, ಜೇವರ್ಗಿಯ ಹುಡುಗರ ಮೊಬೈಲಿಗೂ ಬರುತ್ತದೆ. ದಾರಿ ಬಲ್ಲವರೊಬ್ಬರು ಮುಂದೆ ನಿಂತು ನಡೆಸುತ್ತಾರೆ. ರಾತ್ರಿ ಹಳ್ಳಿಯ ಮನೆಯಲ್ಲೇ ಊಟ, ನಿದ್ದೆ. ಹಣ ಕೂಡಿಸಿ ಹೋಗುವವರು ಹೋಗಲಿ, ಹೋಗಲೇಬೇಕಾದ ಜಾಗವದು. ಆದರೆ ಅಂಥದ್ದೇ ಒಂದು ನಡಿಗೆ, ದುಡ್ಡಿಲ್ಲದವರಿಗೂ ತೆರೆದಿರುವಂಥದ್ದು, ನಮ್ಮ ಹೊಲದ ಬದುವಿಗೇ ಹಾದುಹೋಗುತ್ತಿದೆ. ಅದನ್ನು ಭಕ್ತಿಯ ಲೆಕ್ಕಕ್ಕೆ ಬರೆದು ಸುಮ್ಮನಾಗಿದ್ದೇವೆ. ಅದರ ಹಿಂದಿನ ಏರ್ಪಾಡನ್ನು ಗಮನವಿಟ್ಟು ನೋಡಿಲ್ಲ. ನೋಡಿದರೆ ಒಂದು ಮಾತು ಖಚಿತವಾಗುತ್ತದೆ. ಇಷ್ಟು ದೂರದ ನಡಿಗೆಯನ್ನು ತಲೆಮಾರುಗಳಿಂದ ಎತ್ತಿ ಹಿಡಿದವರು ನಡುವಿನ ಊರುಗಳ ಜನ.

ಒಂದೇ ನೀರಿನ ಹಾದಿ

ಘತ್ತರಗಿ ಅಫಜಲಪುರ ತಾಲ್ಲೂಕಿನಲ್ಲಿ ಭೀಮೆಯ ದಂಡೆಗಿರುವ ಊರು. ಇಲ್ಲಿನ ಭಾಗ್ಯವಂತಿ ದೇವಿಗೆ ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಜನ ಸೇರುತ್ತಾರೆ. ಹರಕೆ ಹೊತ್ತವರು ನಡೆದೇ ಬರುತ್ತಾರೆ. ಇದೇ ತಾಲ್ಲೂಕಿನ ದೇವಲಗಾಣಗಾಪುರದಲ್ಲಿ ಭೀಮಾ-ಅಮರ್ಜಾ ಸಂಗಮವಿದೆ, ದತ್ತ ಸನ್ನಿಧಿಯಿದೆ. ಅಲ್ಲಿಗೆ ಬಂದ ಭಕ್ತರು, ಎಷ್ಟೇ ಸಿರಿವಂತರಿರಲಿ, ಐದು ಮನೆ ಭಿಕ್ಷೆ ಬೇಡಿ ಉಣ್ಣುವ ರೂಢಿ ಇಂದಿಗೂ ಇದೆ. ನಡೆದು ಬಂದವರಿಗೆ ಅನ್ನ ಕೊಡುವುದು ಈ ನೆಲಕ್ಕೆ ಹೊಸ ಪಾಠವಲ್ಲ.

ಇಲ್ಲಿನ ಜನ ವರ್ಷದಲ್ಲಿ ಮೂರು ದಿಕ್ಕಿಗೆ ನಡೆಯುತ್ತಾರೆ. ಆಷಾಢ ಏಕಾದಶಿಗೆ ದಿಂಡಿ ಕಟ್ಟಿಕೊಂಡು ಪಂಢರಪುರಕ್ಕೆ. ದಸರಾ ಮುಗಿದ ಮೇಲೆ, ಸೀಗಿ ಹುಣ್ಣಿಮೆಗೆ, ಅಂಬಾಭವಾನಿಯ ತುಳಜಾಪುರಕ್ಕೆ. ಆಗ ಆಳಂದದ ರಸ್ತೆ ನಡೆಯುವವರಿಂದ ತುಂಬಿರುತ್ತದೆ. ಫಾಲ್ಗುಣದಲ್ಲಿ ಶ್ರೀಶೈಲಕ್ಕೆ. ಮೂರರಲ್ಲಿ ಗುಡ್ಡ-ಕಾಡು ದಾಟುವ ಕಠಿಣ ಹಾದಿ ಕೊನೆಯದು. ಅದರ ಸಮಯವನ್ನು ಒಕ್ಕಲುತನವೇ ಗೊತ್ತುಮಾಡಿದಂತಿದೆ. ಆ ಹೊತ್ತಿಗೆ ಬಿಳಿಜೋಳ, ಕಡಲೆಯ ರಾಶಿ ಮುಗಿದಿರುತ್ತದೆ, ಮುಂಗಾರಿಗೆ ಇನ್ನೂ ಎರಡು ತಿಂಗಳು ಬಾಕಿ. ಕಣಜದಲ್ಲಿ ಕಾಳಿದೆ, ಕೈಗೆ ಬಿಡುವಿದೆ. ನಡೆಯುವವರಿಗೂ ಉಣಿಸುವವರಿಗೂ ಇದಕ್ಕಿಂತ ಅನುಕೂಲದ ಕಾಲ ಬೇರೆ ಇಲ್ಲ. ಅನಾನುಕೂಲ ಒಂದೇ, ಬಿಸಿಲು.

ಪಂಢರಪುರವನ್ನೂ ಶ್ರೀಶೈಲವನ್ನೂ ಘತ್ತರಗಿಯ ಮುಂದೆ ಹರಿಯುವ ನೀರೇ ಜೋಡಿಸುತ್ತದೆ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ನಮ್ಮ ಎರೆಭೂಮಿಯನ್ನು ಹಾದು, ಒಟ್ಟು 861 ಕಿ.ಮೀ. ಹರಿದು ರಾಯಚೂರಿನ ಬಳಿ ಕೃಷ್ಣೆಗೆ ಸೇರುತ್ತಾಳೆ. ಆ ಕೃಷ್ಣೆಯೇ ಶ್ರೀಶೈಲದ ಕೆಳಗೆ ಪಾತಾಳಗಂಗೆ. ಗಾಣಗಾಪುರದ ನರಸಿಂಹ ಸರಸ್ವತಿಗಳು ಕೊನೆಗೆ ಭೀಮಾ ದಂಡೆ ಬಿಟ್ಟು ಶ್ರೀಶೈಲದ ಕದಳಿವನಕ್ಕೆ ಹೋದರೆಂದು ಗುರುಚರಿತ್ರೆ ಹೇಳುತ್ತದೆ. ಅವರಿಗೂ ಮೂರು ಶತಮಾನ ಮುಂಚೆ, ಕಲ್ಯಾಣದಿಂದ ಅಕ್ಕಮಹಾದೇವಿ ಅದೇ ಕದಳಿಯತ್ತ ನಡೆದಿದ್ದಳು. ಒಬ್ಬ ಹೆಣ್ಣುಮಗಳು 12ನೇ ಶತಮಾನದಲ್ಲಿ ಒಂಟಿಯಾಗಿ ಅಷ್ಟು ದೂರ ನಡೆದಳೆಂದರೆ, ಹಸಿವಾದಾಗ ತುತ್ತು ಕೊಡುವ ಊರುಗಳು ಆಗಲೇ ಇದ್ದವೆಂದು ಅರ್ಥ.

ಮುಂದಾಳು, ಕಂಬಿ, ವಸ್ತಿ

ತಂಡ ಕಟ್ಟುವುದು ಊರಿನ ಮಟ್ಟದಲ್ಲಿ. ಹಲವು ವರ್ಷ ಹೋಗಿಬಂದ ಹಿರಿಯರೊಬ್ಬರು ಮುಂದಾಳು. ಯಾವ ಊರಲ್ಲಿ ಬಾವಿ ಸಿಹಿ, ಎಲ್ಲಿ ನೆರಳು, ಯಾವ ಗುಡಿಯ ಪೌಳಿಯಲ್ಲಿ ಎಷ್ಟು ಜನ ಮಲಗಬಹುದು, ಯಾರ ಮನೆಯಲ್ಲಿ ಮೊದಲೇ ತಿಳಿಸಬೇಕು ಎಂಬುದೆಲ್ಲ ಅವರ ತಲೆಯಲ್ಲಿರುತ್ತದೆ. ಕಂಬಿ ತಂಡದ ನಡುಗಂಬ. ಅದು ಹೊರಟರೆ ಎಲ್ಲರೂ ಹೊರಡಬೇಕು, ಅದು ನಿಂತಲ್ಲಿ ಎಲ್ಲರೂ ನಿಲ್ಲಬೇಕು. ಸಾಲು ಎಷ್ಟೇ ಉದ್ದವಾದರೂ ಜನ ಚದುರದಂತೆ ನೋಡಿಕೊಳ್ಳುವ ಶಿಸ್ತು ಇದರಿಂದಲೇ ಬರುತ್ತದೆ.

ಹಾದಿ ತಂಡಕ್ಕೊಂದು. ಭೀಮಾ ತೀರದವರು ಜೇವರ್ಗಿ, ಶಹಾಪುರದ ಕಡೆಯಿಂದ ಕೃಷ್ಣೆ ದಾಟಿ, ರಾಯಚೂರಿನ ಮೇಲೆ ಕರ್ನೂಲಿಗೆ ಬಂದು, ನಂದಿಕೊಟ್ಕೂರು, ಆತ್ಮಕೂರಿನ ಮೂಲಕ ಕಾಡಿನ ಅಂಚು ಮುಟ್ಟುತ್ತಾರೆ. ದೂರ 300 ಕಿ.ಮೀ.ಗೂ ಹೆಚ್ಚು. ದಿನಕ್ಕೆ 30 ಕಿ.ಮೀ. ಹಿಡಿದರೂ ಹತ್ತು ದಿನಕ್ಕೂ ಹೆಚ್ಚಿನ ನಡಿಗೆ. ನಸುಕಿನ ಮೂರು-ನಾಲ್ಕು ಗಂಟೆಗೆ ಎದ್ದು ಬಿಸಿಲೇರುವ ಮುನ್ನ ಅರ್ಧ ಹಾದಿ ಮುಗಿಸುತ್ತಾರೆ. ನಡುಹಗಲು ಗಿಡದ ನೆರಳಲ್ಲಿ, ಗುಡಿಯಲ್ಲಿ, ಶಾಲೆಯ ಪಡಸಾಲೆಯಲ್ಲಿ ಮೈಚಾಚುತ್ತಾರೆ. ಹೊತ್ತು ಇಳಿದ ಮೇಲೆ ಮತ್ತೆ ನಡಿಗೆ. ರಾತ್ರಿಯ ತಂಗುದಾಣಕ್ಕೆ ನಮ್ಮ ಕಡೆ ವಸ್ತಿ ಎನ್ನುತ್ತಾರೆ. ಹಾಸಿಗೆ, ಪಾತ್ರೆ, ಹಿಟ್ಟಿನ ಚೀಲ ಟಂಟಂನಲ್ಲೋ ಟ್ರ್ಯಾಕ್ಟರಿನಲ್ಲೋ ವಸ್ತಿಗೆ ಮೊದಲೇ ಹೋಗಿ ಸೇರಿರುತ್ತವೆ. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ಹತ್ತು ದಿನ ಇಟ್ಟರೂ ಕೆಡುವುದಿಲ್ಲ.

ಎರಡನೆಯ ದಿನ ಅಂಗಾಲಿನಲ್ಲಿ ಗುಳ್ಳೆ ಏಳುತ್ತವೆ, ಮೂರನೆಯ ದಿನ ಮೊಣಕಾಲು ಹಿಡಿಯುತ್ತದೆ. ಅದನ್ನು ದಾಟಿದವರು ಶ್ರೀಶೈಲ ಮುಟ್ಟುತ್ತಾರೆ ಎಂಬುದು ಬಲ್ಲವರ ಮಾತು. ಮರಗಾಲು ಕಟ್ಟಿಕೊಂಡು ಹರಕೆ ತೀರಿಸುವವರೂ ಇದ್ದಾರೆ. ಒಳ್ಳೆಯ ಮುಂದಾಳು ಮಾತ್ರ ತಂಡದ ಅತಿ ನಿಧಾನದ ಕಾಲಿಗೆ ತಕ್ಕಂತೆ ನಡಿಗೆ ಇಟ್ಟುಕೊಳ್ಳುತ್ತಾರೆ. ಹಿಮಾಲಯದ ಚಾರಣದಲ್ಲೂ ನುರಿತ ಮಾರ್ಗದರ್ಶಿಯ ಮೊದಲ ಗುಣ ಇದೇ.

ಅನ್ನ ಬರುವ ಬಗೆ

ದಾರಿಯ ಊರುಗಳಲ್ಲಿ ಬೆಳಗಿನಿಂದ ಒಲೆ ಆರುವುದಿಲ್ಲ. ಒಂದೂರಲ್ಲಿ ಉಪ್ಪಿಟ್ಟು-ಸಿರಾ, ಮುಂದಿನ ಊರಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ-ಸಾರು, ಗೋಧಿ ಹುಗ್ಗಿ. ಬಿಸಿಲಲ್ಲಿ ಕಲ್ಲಂಗಡಿ ಹೋಳು, ಮಜ್ಜಿಗೆ. "ಬರ್ರೀ ಯಪ್ಪಾ, ಒಂದೀಟು ಮಜ್ಜಿಗಿ ಕುಡ್ದು ಹೋಗ್ರಿ" ಎಂದು ರಸ್ತೆಗೆ ಅಡ್ಡ ಬಂದು ಕರೆಯುತ್ತಾರೆ. ಸಂಜೆ ಬಿಸಿನೀರಿನಲ್ಲಿ ಕಾಲಿಡಿಸಿ, ಎಣ್ಣೆ ಹಚ್ಚಿ ತಿಕ್ಕುವವರಿದ್ದಾರೆ. ಔಷಧಿ ಅಂಗಡಿಯವರು ಮುಲಾಮು, ಪಟ್ಟಿ ಹಿಡಿದು ಕೂರುತ್ತಾರೆ. ಗಡಿ ದಾಟಿ ತೆಲುಗು ಸೀಮೆಗೆ ಹೋದರೂ ಇದು ನಿಲ್ಲುವುದಿಲ್ಲ. ಭಾಷೆ ಬದಲಾಗುತ್ತದೆ, ತಾಟು ಬದಲಾಗುವುದಿಲ್ಲ.

ಇದಕ್ಕೆಲ್ಲ ಹಣ ಎಲ್ಲಿಂದ? ಒಂದೇ ಕೈ ಇದನ್ನು ಹೊರುವುದಿಲ್ಲ. ಒಬ್ಬರು ಜೋಳ ಕೊಟ್ಟರೆ ಇನ್ನೊಬ್ಬರು ಬೇಳೆ, ಮತ್ತೊಬ್ಬರು ಕಟ್ಟಿಗೆ. ಏನೂ ಕೊಡಲಾಗದವರು ರೊಟ್ಟಿ ಬಡಿಯುತ್ತಾರೆ, ನೀರು ಹೊರುತ್ತಾರೆ, ಎಲೆ ಎತ್ತುತ್ತಾರೆ. ಕಳೆದ ವರ್ಷ ತಾನು ನಡೆದವನು ಈ ವರ್ಷ ಉಣಿಸುತ್ತಾನೆ. ಈ ವರ್ಷ ಉಣಿಸಿದವಳು ಮುಂದಿನ ವರ್ಷ ನಡೆಯುತ್ತಾಳೆ. ಋಣ ತೀರುವುದಿಲ್ಲ, ತಿರುಗುತ್ತಲೇ ಇರುತ್ತದೆ. ಶರಣರು ಕಾಯಕದ ಜೊತೆಗೇ ದಾಸೋಹವನ್ನು ಇಟ್ಟದ್ದು ಸುಮ್ಮನೆ ಅಲ್ಲ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು (1746-1822) ಒಕ್ಕಲುತನ ಮಾಡುತ್ತಲೇ ದಾಸೋಹ ನಡೆಸಿದವರು. ಕಲಬುರಗಿಯ ಅವರ ಮಹಾಮನೆಯ ಒಲೆ ಇಂದಿಗೂ ಉರಿಯುತ್ತಿದೆ. ದಾರಿಯ ಊರುಗಳ ಪ್ರತಿ ಪೆಂಡಾಲಿನಲ್ಲೂ ಆ ಒಲೆಯ ಕೆಂಡವಿದೆ.

ಇಲ್ಲಿ ಒಂದು ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲಾಗದು. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ವಾರಿ ಎಂಬ ಪಂಢರಪುರದ ಪಾದಯಾತ್ರೆಯಲ್ಲಿ ತಾವೇ ನಡೆದು ಬರೆದ ಪ್ರಬಂಧ 1962ರಲ್ಲಿ ಇಂಗ್ಲಿಷಿನಲ್ಲೂ ಪ್ರಕಟವಾಯಿತು. ಜೊತೆಯಾಗಿ ಹಾಡುತ್ತಾ ನಡೆದವರು ಉಣ್ಣುವಾಗ ಜಾತಿಗೊಂದು ಗುಂಪಾಗಿ ಕೂತದ್ದು ಅವರನ್ನು ನೋಯಿಸಿತ್ತು. ಅದು ನಮ್ಮ ದಾಸೋಹಗಳನ್ನೂ ಕೇಳಬೇಕಾದ ಪ್ರಶ್ನೆ. ಯಾರು ಅಡುಗೆ ಮಾಡಿದರೆ ಎಲ್ಲರೂ ಉಣ್ಣುತ್ತಾರೆ? ಯಾರ ಕೇರಿಯಲ್ಲಿ ಕಂಬಿ ನಿಲ್ಲುತ್ತದೆ, ಯಾರ ಕೇರಿಯನ್ನು ಬಳಸಿ ಹೋಗುತ್ತದೆ? ದಾಸೋಹ ಎಂಬ ಹೆಸರಿಗೆ ಒಪ್ಪುವ ಉತ್ತರ ಒಂದೇ: ಎಲ್ಲ ಕೇರಿಯ ರೊಟ್ಟಿ ಒಂದೇ ಬುಟ್ಟಿಗೆ ಬೀಳಬೇಕು.

ನಲ್ಲಮಲೆಯ ಒಳಗೆ

ಆತ್ಮಕೂರು ದಾಟಿ ವೆಂಕಟಾಪುರ ಬಿಟ್ಟ ಮೇಲೆ ಊರುಗಳು ಮುಗಿಯುತ್ತವೆ. ಮುಂದೆ ನಲ್ಲಮಲೆ. 1983ರಲ್ಲಿ ಹುಲಿ ಯೋಜನೆಗೆ ಸೇರಿದ ನಾಗಾರ್ಜುನಸಾಗರ-ಶ್ರೀಶೈಲ ಸಂರಕ್ಷಿತ ಪ್ರದೇಶ ದೇಶದ ಅತಿ ದೊಡ್ಡ ಹುಲಿ ಕಾಡುಗಳಲ್ಲೊಂದು. ಶಿವರಾತ್ರಿ ಮತ್ತು ಯುಗಾದಿಯ ಹೊತ್ತಿಗೆ ಮಾತ್ರ ಅರಣ್ಯ ಇಲಾಖೆ ಈ ಕಾಲುದಾರಿಯನ್ನು ಯಾತ್ರಿಕರಿಗೆ ತೆರೆಯುತ್ತದೆ. ವೀರಭದ್ರನ ಗುಡಿಯಿರುವ ನಾಗಲೂಟಿ, ಕೆರೆಯಿರುವ ಪೆದ್ದಚೆರುವು, ಮಠಂಬಾವಿ, ಭೀಮುನಿಕೊಲನು, ಕೈಲಾಸದ್ವಾರ ಎಂದು ಹಾದಿ ಏರುತ್ತ ಇಳಿಯುತ್ತ ಸಾಗುತ್ತದೆ.

ಬಯಲುಸೀಮೆಯ ಕಾಲಿಗೆ ಇದು ಬೇರೆಯೇ ಲೋಕ. ಎಲೆ ಉದುರಿಸಿ ನಿಂತ ಮರಗಳ ಕೆಳಗೆ ನೆರಳು ಕಡಿಮೆ, ಕಲ್ಲು ಹೆಚ್ಚು. ಭೀಮುನಿಕೊಲನಿನಲ್ಲಿ ಹಾದಿ ಆಳದ ಕಣಿವೆಗೆ ಇಳಿದು, ಆಚೆ ಬದಿಯಲ್ಲಿ ಕಲ್ಲುಮೆಟ್ಟಿಲು ಹಿಡಿದು ನೆಟ್ಟಗೆ ಏರುತ್ತದೆ. ಹತ್ತು ದಿನ ದಣಿದ ಕಾಲಿಗೆ ನಿಜವಾದ ಪರೀಕ್ಷೆ ಇಲ್ಲಿದೆ. ವಯಸ್ಸಾದವರನ್ನು ಕೈಹಿಡಿದು ಹತ್ತಿಸುವ ಅಪರಿಚಿತರು ಇಲ್ಲಿ ಸಿಗುತ್ತಾರೆ. ನಡೆಯುವವರಿಗಾಗಿ ಕಲ್ಲು ಕಡಿಸಿದವರ ನೆನಪು ಈ ಬೆಟ್ಟಕ್ಕೆ ಹಳೆಯದು. 14ನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೂ ಅಹೋಬಲಕ್ಕೂ ಮೆಟ್ಟಿಲು ಕಟ್ಟಿಸಿದ; ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠಲಾಂಬೆ ಪಾತಾಳಗಂಗೆಗೆ ಇಳಿಯಲು ಸೋಪಾನ ಮಾಡಿಸಿದಳು.

ಈ ಕಾಡಿನ ನಿಜವಾದ ಮಾರ್ಗದರ್ಶಿಗಳು ಚೆಂಚು ಬುಡಕಟ್ಟಿನ ಜನ. ಬ್ರಿಟಿಷರ ಕಾಲದವರೆಗೂ ಯಾತ್ರಿಕರನ್ನು ಕಾಯ್ದು ದಾಟಿಸುವುದು ಅವರ ಹೊಣೆಯಾಗಿತ್ತು, ಅದಕ್ಕೆ ಯಾತ್ರಿಕರಿಂದ ಸಲ್ಲಬೇಕಾದ ಹಣ ಪಡೆಯುವ ಹಕ್ಕು ಅವರದಾಗಿತ್ತು. ಮಲ್ಲಿಕಾರ್ಜುನ ಚೆಂಚು ಹುಡುಗಿಯನ್ನು ಮದುವೆಯಾದ ಕಥೆ ಇಲ್ಲಿ ಪ್ರಸಿದ್ಧ. ಚೆಂಚುಗಳಿಗೆ ಅವನು ಚೆಂಚು ಮಲ್ಲಯ್ಯ, ತಮ್ಮ ಮನೆಯ ಅಳಿಯ. ಇಂದು ಅವರ ಹಾಡಿಗಳ ಪಕ್ಕದಿಂದ ಲಕ್ಷಗಟ್ಟಲೆ ಹೆಜ್ಜೆಗಳು ಹಾದುಹೋಗುತ್ತವೆ. ಹಾದುಹೋದವರು ಬಿಟ್ಟು ಹೋಗುವುದು ಪ್ಲಾಸ್ಟಿಕ್ ಬಾಟಲಿಗಳನ್ನು ಎಂಬುದು ನಾವು ತಲೆ ತಗ್ಗಿಸಬೇಕಾದ ಸಂಗತಿ.

ಮಗಳ ಮನೆಗೆ ನಡೆಯುವವರು

ಕನ್ನಡಿಗರು ಇಷ್ಟು ಕಷ್ಟಪಟ್ಟು ಹೋಗುವುದೇಕೆ? ಜನರ ಮನಸ್ಸಿನಲ್ಲಿ ಮಲ್ಲಿಕಾರ್ಜುನನ ಮಡದಿ ಭ್ರಮರಾಂಬೆ ನಮ್ಮ ಸೀಮೆಯ ಹೆಣ್ಣುಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ತವರಿನವರು ಸೀರೆ, ಕುಪ್ಪಸ, ಅರಿಶಿನ-ಕುಂಕುಮ ತೆಗೆದುಕೊಂಡು ಹೋಗಬೇಡವೇ? ದೇವಿಯ ಮುಂದೆ ನಿಂತು ಸುಖದುಃಖ ಮಾತಾಡಿಕೊಂಡು ಬರುವ ಸಲಿಗೆ ಈ ನಂಟಿನಿಂದ ಬಂದದ್ದು. ಒಂದೇ ಬೆಟ್ಟದಲ್ಲಿ ಕನ್ನಡದವರು ಹೆಣ್ಣು ಕೊಟ್ಟ ಬೀಗರು, ಚೆಂಚುಗಳೂ ಹೆಣ್ಣು ಕೊಟ್ಟ ಬೀಗರು.

ಇದೇ ಭಾವ ಹಿಮಾಲಯದ ಗಢವಾಲದಲ್ಲಿದೆ. ಚಮೋಲಿ ಜಿಲ್ಲೆಯ ಜನ ನಂದಾದೇವಿಯನ್ನು ತಮ್ಮ ಮಗಳೆಂದು ತಿಳಿದು, ಅವಳನ್ನು ಗಂಡನ ಮನೆಯಾದ ಕೈಲಾಸದತ್ತ ಕಳಿಸಿಬರುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ ಎಂದು ಎಣಿಸುವ ನಂದಾದೇವಿ ರಾಜಜಾತ ಯಾತ್ರೆ ನೌಟಿ ಗ್ರಾಮದಿಂದ ಹೊರಟು, ಸುಮಾರು 280 ಕಿ.ಮೀ.ಗಳನ್ನು ಮೂರು ವಾರಗಳಲ್ಲಿ ಕ್ರಮಿಸುತ್ತದೆ. ಮುಂದೆ ನಾಲ್ಕು ಕೊಂಬಿನ ಟಗರು, ಹಿಂದೆ ಪಲ್ಲಕ್ಕಿ, ಛತ್ರಿಗಳು. ಯಾವ ರಾತ್ರಿ ಯಾವ ಊರಲ್ಲಿ ವಸ್ತಿ ಎಂಬುದು ನಿಗದಿಯಾಗಿರುತ್ತದೆ. ವಾಣ್ ಎಂಬ ಕೊನೆಯ ಹಳ್ಳಿ ದಾಟಿದರೆ ಬೇದನಿಯ ಹುಲ್ಲುಗಾವಲು, ರೂಪಕುಂಡ, ಹೋಮಕುಂಡ. 2014ರ ಯಾತ್ರೆಯಲ್ಲಿ ಹೊರಗಿನವರೂ ಅಪಾರ ಸಂಖ್ಯೆಯಲ್ಲಿ ನಡೆದರು. ಮಗಳನ್ನು ನೆಪಮಾಡಿ ಊರುಗಳನ್ನು ಒಂದಕ್ಕೊಂದು ಹೊಲಿಯುವ ಈ ಬುದ್ಧಿ ನಲ್ಲಮಲೆಗೂ ಗಢವಾಲಕ್ಕೂ ಸಮಾನ.

ಕನ್ನಡಕ್ಕೆ ಹಿಮಾಲಯದ ಕಾಲುದಾರಿಯಲ್ಲಿ ಇನ್ನೂ ಹತ್ತಿರದ ನಂಟಿದೆ. ಕೇದಾರನಾಥದ ರಾವಲ, ಅಂದರೆ ಮುಖ್ಯ ಅರ್ಚಕ, ಪದವಿ ಪರಂಪರೆಯಿಂದ ನಮ್ಮ ಕಡೆಯ ವೀರಶೈವ ಜಂಗಮರದು. ಚಳಿಗಾಲದ ಆರು ತಿಂಗಳು ಉಖೀಮಠದಲ್ಲಿ ಪೂಜೆಗೊಳ್ಳುವ ಕೇದಾರನ ಪಂಚಮುಖಿ ಮೂರ್ತಿಯ ಡೋಲಿ ಪ್ರತಿ ಬೇಸಿಗೆಯಲ್ಲಿ ಗುಪ್ತಕಾಶಿ, ಫಾಟಾ, ಗೌರಿಕುಂಡಗಳಲ್ಲಿ ತಂಗುತ್ತ ಕಾಲ್ನಡಿಗೆಯಲ್ಲೇ ಕೇದಾರಕ್ಕೆ ಏರುತ್ತದೆ. ಹೆಲಿಕಾಪ್ಟರು ನಿಮಿಷಗಳಲ್ಲಿ ಮುಟ್ಟಿಸುವ ಜಾಗಕ್ಕೆ ದೇವರು ಇಂದಿಗೂ ಊರೂರು ಮುಟ್ಟಿಕೊಂಡು ಹೋಗುತ್ತಾನೆ.

ಚಟ್ಟಿಗಳು ಕಲಿಸುವ ಪಾಠ

ಹಾಗಿದ್ದರೂ ಆ ಬೆಟ್ಟಗಳು ದೊಡ್ಡದೊಂದನ್ನು ಕಳೆದುಕೊಂಡಿವೆ. ಮೋಟಾರು ರಸ್ತೆ ಬರುವ ಮೊದಲು ಹೃಷೀಕೇಶದಿಂದ ಬದರಿ-ಕೇದಾರಕ್ಕೆ ವಾರಗಟ್ಟಲೆ ನಡೆಯಬೇಕಿತ್ತು. ಕೆಲವೇ ಮೈಲಿಗೊಂದು ಚಟ್ಟಿ ಇರುತ್ತಿತ್ತು. ಹುಲ್ಲು ಅಥವಾ ಕಲ್ಲುಚಪ್ಪಡಿಯ ಮಾಡು, ಒಲೆ, ಒಬ್ಬ ಅಂಗಡಿಕಾರ. ಅವನ ಹತ್ತಿರ ಹಿಟ್ಟು-ಬೇಳೆ ಕೊಂಡರೆ ಸಾಕು, ತಂಗಲು ಜಾಗವೂ ಅಡುಗೆಗೆ ಪಾತ್ರೆಯೂ ಬಿಟ್ಟಿ. ಕೊಳ್ಳಲೂ ಆಗದವರಿಗಾಗಿ 19ನೇ ಶತಮಾನದ ಕೊನೆಗೆ ಸ್ವಾಮಿ ವಿಶುದ್ಧಾನಂದರು ದಾರಿಯುದ್ದಕ್ಕೂ ಧರ್ಮಶಾಲೆ, ಅನ್ನಸತ್ರ ಹಾಕಿಸಿದರು. ಕರಿಕಂಬಳಿ ಹೊದ್ದು ತಿರುಗುತ್ತಿದ್ದ ಅವರು ಕಾಲಿ ಕಮ್ಲೀವಾಲೆ ಬಾಬಾ ಎಂದೇ ಹೆಸರಾದರು.

1962ರ ಚೀನಾ ಯುದ್ಧದ ನಂತರ ಗಡಿಯತ್ತ ರಸ್ತೆಗಳು ಬೇಗಬೇಗ ಬಂದವು. ಬಸ್ಸುಗಳು ಬದರಿ ಮುಟ್ಟಿದವು. ನಡೆಯುವವರು ನಿಂತರು, ಅವರನ್ನು ನಂಬಿದ್ದ ಚಟ್ಟಿಗಳೂ ಮುಚ್ಚಿದವು. ಹನುಮಾನ್ ಚಟ್ಟಿ, ಜಾನಕಿ ಚಟ್ಟಿ ಎಂಬ ಊರ ಹೆಸರುಗಳು ಉಳಿದವು. ಜನ ಬಸ್ಸಿಳಿಯುವ ಕಡೆ ಹೋಟೆಲುಗಳೆದ್ದವು, ನಡುವಿನ ಹಳ್ಳಿಗಳು ದುಡಿಮೆಯಿಲ್ಲದೆ ಬಯಲಿಗಿಳಿದವು. ಈಗ ಅದೇ ಉತ್ತರಾಖಂಡ ನಡಿಗೆಯ ಊರುಗಳನ್ನು ಮತ್ತೆ ಕಟ್ಟಲು ದುಡಿಯುತ್ತಿದೆ. ಕುಮಾವೂಂನ ಬಿನ್ಸರ್ ಅಭಯಾರಣ್ಯದ ಹಳ್ಳಿಗಳಲ್ಲಿ ಊರವರ ಸಮಿತಿಗಳೇ ಅತಿಥಿಗೃಹ ನಡೆಸುತ್ತವೆ, ಅಲ್ಲಿನ ಯುವಕರೇ ದಾರಿ ತೋರಿಸುತ್ತಾರೆ, ನಡೆದವರ ಹಣ ಊರಲ್ಲೇ ಉಳಿಯುತ್ತದೆ. ಇನ್ನೊಂದು ಕಡೆ ಚಾರಣಿಗರ ಡೇರೆಗಳಿಂದ ಹುಲ್ಲುಗಾವಲುಗಳು ಹಾಳಾಗತೊಡಗಿದಾಗ, 2018ರಲ್ಲಿ ಅಲ್ಲಿನ ಹೈಕೋರ್ಟು ಬುಗ್ಯಾಲುಗಳೆನ್ನುವ ಈ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು. ಆತಿಥ್ಯ ಸತ್ತರೆ ಹಾದಿ ಸಾಯುತ್ತದೆ, ನಡೆಯುವವರು ಮಿತಿ ಮರೆತರೂ ಹಾದಿ ಸಾಯುತ್ತದೆ. ಎರಡು ಪಾಠವನ್ನೂ ಹಿಮಾಲಯ ಬೆಲೆ ತೆತ್ತು ಕಲಿತಿದೆ.

ನಮ್ಮ ಊರುಗಳ ಸರದಿ

ನಮ್ಮ ಆತಿಥ್ಯ ಇನ್ನೂ ಜೀವಂತವಾಗಿದೆ. ಆದರೆ ಹಾದಿಯೇ ಬದಲಾಗಿದೆ. ಹೊಲದ ನಡುವಿನ ಬಂಡಿದಾರಿಗಳು ಹೋಗಿ ಹೆದ್ದಾರಿಗಳು ಬಂದಿವೆ. ಕಾದ ಡಾಂಬರು ಅಂಗಾಲನ್ನು ಸುಡುತ್ತದೆ; ನಸುಕಿನ ಕತ್ತಲಲ್ಲಿ ಲಾರಿಗಳು ಮೈಮೇಲೆ ಬರುತ್ತವೆ. ರಸ್ತೆ ಅಗಲ ಮಾಡುವಾಗ ಕಡಿದ ಬೇವು, ಹುಣಸೆ, ಆಲದ ಮರಗಳ ಜಾಗ ಇಂದಿಗೂ ಬೋಳು. ಮಹಿಳೆಯರ ಸಂಖ್ಯೆ ಹೆಚ್ಚಿದೆ, ಅವರಿಗೆ ಬೇಕಾದ ಶೌಚಾಲಯ, ಮರೆ ಹೆಚ್ಚಿಲ್ಲ.

ಆಗಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಹೆದ್ದಾರಿಯ ಪಕ್ಕ ಮಣ್ಣಿನ ಕಾಲುದಾರಿಯೊಂದನ್ನು ಉಳಿಸಬೇಕು, ಅದರ ಗುಂಟ ಮರ ಹಚ್ಚಬೇಕು. ಕತ್ತಲಲ್ಲಿ ನಡೆಯುವ ತಂಡದ ಮುಂದಿನವರಿಗೂ ಹಿಂದಿನವರಿಗೂ ಬೆಳಕಿಗೆ ಹೊಳೆಯುವ ಪಟ್ಟಿ ಕಟ್ಟಬೇಕು. ನಡೆಯುವವರು ಸ್ವಂತ ಸ್ಟೀಲ್ ಲೋಟ, ತಾಟು ಒಯ್ಯಬೇಕು. ನಲ್ಲಮಲೆಗೆ ಒಯ್ದ ಪ್ಲಾಸ್ಟಿಕ್ಕನ್ನು ಹೊರಗೆ ತರಬೇಕು. ಚೆಂಚು ಯುವಕರಿಗೆ ಮಾರ್ಗದರ್ಶಿಗಳಾಗಿ ಕೂಲಿ ಸಿಗಬೇಕು. ಅದು ಅವರ ಹಳೆಯ ಹಕ್ಕು. ಹಿರಿಯ ಮುಂದಾಳುಗಳ ತಲೆಯಲ್ಲಿರುವ ಬಾವಿ, ಗುಡಿ, ವಸ್ತಿಗಳ ಲೆಕ್ಕವನ್ನು ಊರಿನ ಹುಡುಗರು ಬರೆದಿಟ್ಟುಕೊಳ್ಳಬೇಕು. ಆ ತಲೆಮಾರು ದಾಟಿದರೆ ಹೇಳುವವರಿರುವುದಿಲ್ಲ.

ಘತ್ತರಗಿಯಿಂದ ಜೇವರ್ಗಿಯವರೆಗೆ, ಜೇವರ್ಗಿಯಿಂದ ಕೃಷ್ಣೆಯವರೆಗೆ ದಾರಿಯ ಮೇಲಿರುವ ಪ್ರತಿ ಗ್ರಾಮ ಪಂಚಾಯಿತಿ ಬರುವ ಫಾಲ್ಗುಣಕ್ಕೆ ಮಾಡಬಹುದಾದ ಮೊದಲ ಕೆಲಸಕ್ಕೆ ಯಾವ ಅನುದಾನವೂ ಬೇಡ. ಆ ಹದಿನೈದು ದಿನ ಶಾಲೆಯ ಶೌಚಾಲಯದ ಬೀಗ ತೆಗೆದು, ನೀರು ಬಿಟ್ಟು, ಕೀಲಿ ಯಾರ ಕೈಯಲ್ಲಿದೆ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಸಲಿ. ಅನ್ನ ಕೊಡುವುದನ್ನು ನಮ್ಮ ಊರುಗಳಿಗೆ ಯಾರೂ ಕಲಿಸಬೇಕಿಲ್ಲ. ನಡೆದು ಬರುವ ಹೆಣ್ಣುಮಕ್ಕಳ ಮಾನ, ಜೀವ ಕಾಯುವುದೂ ದಾಸೋಹವೇ ಎಂದು ನಾವು ಒಪ್ಪಿಕೊಂಡರೆ ಈ ಹಾದಿ ಮುಂದಿನ ತಲೆಮಾರಿನ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಇದ್ದೇ ಇರುತ್ತದೆ.